ಕೂಸಿಲ್ಲದ ಬಾಣಂತಿಯ ಮನೆಗೂ ಹೋಗಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕ-ತಂಗಿಯರೇ,

ಈ ಪತ್ರ ನಿಮ್ಮ ಕೆಲಸ ಹೆಚ್ಚಿಸುವಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳೆಲ್ಲ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ 15,000 ರೂಪಾಯಿ ಕೇಳಿದಿರಿ. ನ್ಯಾಯವಾದದ್ದನ್ನೇ ಕೇಳಿದಿರಿ. ಸರ್ವೇ ಬಂದರೆ ನೀವು, ಲಾರ್ವಾ ನೋಡಲು ನೀವು, ಕ್ಷಯದ ಗುಳಿಗೆ ನುಂಗಿಸಲು ನೀವು, ಊರಲ್ಲಿ ಯಾರಿಗೆ ಏನಾದರೂ ‘ಆಶಾನ ಕರೀರಿ’. ಇಷ್ಟೆಲ್ಲದರ ಮೇಲೆ ಇನ್ನೊಂದು ಕೇಳಲು ನನಗೆ ಸ್ವಲ್ಪ ಸಲಿಗೆ ಇದೆ. ನಾನೂ ಇದೇ ವಿಜಯಪುರ ಜಿಲ್ಲೆಯ ಉಪಕೇಂದ್ರಗಳಲ್ಲಿ ‘ನರ್ಸಬಾಯಿ’ ಅನ್ನಿಸಿಕೊಂಡು, ನಿಮ್ಮ ಜೊತೆಗೇ ಓಣಿ ತಿರುಗಿ ನಿವೃತ್ತಳಾದವಳು.

ನಾನು ಕೇಳುವುದು ಇಷ್ಟೇ. ಕೂಸು ತೀರಿಕೊಂಡ ಮನೆಗೆ ನೀವು ಹೋಗುವುದನ್ನು ನಿಲ್ಲಿಸಬೇಡಿ.

ಭೇಟಿಯ ದಿನಗಳು ನಿಮಗೆ ಬಾಯಿಪಾಠ. ದವಾಖಾನೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ. ಮನೆಯಲ್ಲೇ ಆದರೆ ಮೊದಲ ದಿನವೂ ಸೇರಿ ಏಳು ಸಲ. ಆಮೇಲೆ ಮೂರು ತಿಂಗಳಿಗೊಮ್ಮೆ, ಹದಿನೈದನೇ ತಿಂಗಳವರೆಗೆ. ಚೀಲದಲ್ಲಿ ತಕ್ಕಡಿ, ಥರ್ಮಾಮೀಟರ್, ಗಡಿಯಾರ ಇಟ್ಟುಕೊಂಡು ಹೋಗಿ ತೂಕ ನೋಡುತ್ತೀರಿ, ಉಸಿರು ಎಣಿಸುತ್ತೀರಿ, ಹೊಕ್ಕುಳ ಒಣಗಿದೆಯೋ ನೋಡುತ್ತೀರಿ. ಐದನೇ ದಿನ ಆ ಕೂಸು ಹೋಯಿತು ಎನ್ನಿ. ಏಳನೇ ದಿನದ ಭೇಟಿ ಏನಾಗುತ್ತದೆ? ಎಣಿಸಲು ಉಸಿರಿಲ್ಲ, ತೂಗಲು ಕೂಸಿಲ್ಲ. ರಿಜಿಸ್ಟರಿನಲ್ಲಿ ಅಡ್ಡಗೆರೆ ಬೀಳುತ್ತದೆ. ಆ ಮನೆಗೆ ಇಲಾಖೆಯಿಂದ ಇನ್ನು ಹೋಗುವುದು ಒಂದೇ, ಮಗುವಿನ ಮರಣ ಪರಿಶೀಲನೆಯ ನಮೂನೆ.

ನಿಮ್ಮದೂ ತಪ್ಪೆನ್ನಲಾರೆ. 2011ರಲ್ಲಿ ಈ ಮನೆಭೇಟಿಯ ಯೋಜನೆ ಬಂದಾಗಿನ ಮಾರ್ಗಸೂಚಿಯಲ್ಲಿ ನಿಮಗೆ ಕೊಡುವ 250 ರೂಪಾಯಿಗೆ ಹಾಕಿದ ಷರತ್ತುಗಳಲ್ಲಿ ಒಂದು, 42ನೇ ದಿನದವರೆಗೆ ತಾಯಿ-ಕೂಸು ಇಬ್ಬರೂ ಸುರಕ್ಷಿತವಾಗಿರಬೇಕು ಎಂಬುದು. ದಿಲ್ಲಿಯಲ್ಲಿ ಕೂತು ಬರೆದವರಿಗೆ ಇದು ಉತ್ತೇಜನ ಅನ್ನಿಸಿರಬೇಕು. ಊರಿನ ಕಡೆಯಿಂದ ನೋಡಿದರೆ ಅದರ ಅರ್ಥ, ಕೂಸು ಹೋದ ಮನೆಗೆ ಹೋದದ್ದಕ್ಕೆ ಲೆಕ್ಕವಿಲ್ಲ ಎಂದಷ್ಟೇ.

ಇದು ಅಪರೂಪದ ಮಾತೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹುಟ್ಟಿದ 1,000 ಕೂಸುಗಳಲ್ಲಿ ಸುಮಾರು 25 ಕೂಸು ಒಂದು ವರ್ಷ ತುಂಬುವ ಮೊದಲೇ ಹೋಗುತ್ತವೆ. ಅವುಗಳಲ್ಲಿ ಹದಿನಾರರಷ್ಟು ಮೊದಲ ತಿಂಗಳಲ್ಲೇ. ಸಾವಿರ ಜನರಿಗೆ ಒಬ್ಬ ಆಶಾ ಅಂದರೆ ನಿಮ್ಮ ಪಾಲಿಗೆ ವರ್ಷಕ್ಕೆ ಹದಿನೈದು-ಇಪ್ಪತ್ತು ಹೆರಿಗೆ. ಲೆಕ್ಕ ಹಾಕಿದರೆ ಎರಡು-ಮೂರು ವರ್ಷಕ್ಕೊಂದು ಇಂಥ ಮನೆ ನಿಮ್ಮಲ್ಲಿ ಪ್ರತಿಯೊಬ್ಬಳ ಪಾಲಿಗೂ ಬರುತ್ತದೆ. ಹೊಟ್ಟೆಯಲ್ಲೇ ತೀರಿ ಹುಟ್ಟಿದವು ಈ ಲೆಕ್ಕಕ್ಕೆ ಸೇರುವುದೇ ಇಲ್ಲ.

ಮೊದಲು ತಾಯಿಯ ಮೈಯ ಮಾತು. ಅದನ್ನು ಯಾರೂ ಆಡುವುದಿಲ್ಲ.

ಕೂಸು ಹೋದ ಕ್ಷಣಕ್ಕೆ ಮನೆಯವರ ಕಣ್ಣಿಗೆ ಅವಳ ಬಾಣಂತನವೂ ಮುಗಿಯುತ್ತದೆ. ಅಳ್ವಿ ಪಾಯಸ ನಿಲ್ಲುತ್ತದೆ, ಕಟ್ಟಿಟ್ಟ ಅಂಟಿನ ಉಂಡಿ ಡಬ್ಬಿಯಲ್ಲೇ ಉಳಿಯುತ್ತದೆ, ಎಣ್ಣೆ-ನೀರು ಹಾಕುವ ಮುದುಕಿ ಬರುವುದಿಲ್ಲ. ಕೂಸೇ ಇಲ್ಲದ ಮೇಲೆ ಇನ್ನೆಂಥ ಬಾಣಂತನ ಅಂತ. ಹತ್ತಿಪ್ಪತ್ತು ದಿನಕ್ಕೆ ಅವಳು ನೀರು ಹೊರುತ್ತಿರುತ್ತಾಳೆ, ತಿಂಗಳಿಗೆ ತೊಗರಿ ಹೊಲದಲ್ಲಿ ಇರುತ್ತಾಳೆ. ಆದರೆ ಮೈ ಹಸಿ ಮೈಯೇ. ರಕ್ತ ಹೋಗುತ್ತಿರುತ್ತದೆ, ಹೊಲಿಗೆ ಮಾಗಿರುವುದಿಲ್ಲ, ಬಿಪಿ ಏರಿದ್ದು ಇಳಿದಿರುವುದಿಲ್ಲ, ಕಬ್ಬಿಣದ ಗುಳಿಗೆ ತಪ್ಪಿರುತ್ತದೆ. 42 ದಿನದ ಭೇಟಿ ಕೂಸಿನದಷ್ಟೇ ಅಲ್ಲ, ಹಡೆದವಳದೂ ಹೌದು. ಅವಳ ಪಾಲಿನ ಭೇಟಿಯನ್ನು ರದ್ದು ಮಾಡಲು ನಮಗೆ ಯಾರೂ ಹೇಳಿಲ್ಲ.

ಆಮೇಲೆ ಹಾಲು. ಕೂಸನ್ನು ಮಣ್ಣು ಮಾಡಿ ಬಂದ ಎರಡು-ಮೂರು ದಿನಕ್ಕೆ ಎದೆ ಬಿಗಿದು ಹಾಲು ಇಳಿಯುತ್ತದೆ. ಸಿಂದಗಿ ಕಡೆಯ ಒಂದು ಹಳ್ಳಿಯಲ್ಲಿ, ಮೇ ತಿಂಗಳ ಬಿಸಿಲಲ್ಲಿ, ತಗಡಿನ ಮನೆಯೊಳಗೆ, ಗಂಡನ ಉಣ್ಣೆಯ ಸ್ವೆಟರ್ ಹಾಕಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತ ಹುಡುಗಿಯನ್ನು ನಾನು ನೋಡಿದ್ದೇನೆ. ಕುಬಸ ತೊಯ್ದದ್ದು ಮಾವನಿಗೆ, ಮೈದುನಂದಿರಿಗೆ ಕಾಣಬಾರದು ಅಂತ. ಒಳಗೆ ಅತ್ತೆ ಹಳೆ ಧೋತರದಿಂದ ಎದೆಯನ್ನು ಉಸಿರು ಕಟ್ಟುವಂತೆ ಬಿಗಿದು ಕಟ್ಟಿದ್ದಳು. ಅತ್ತೆಗೆ ಕಕ್ಕುಲಾತಿ ಇರಲಿಲ್ಲ ಅಂತಲ್ಲ, ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ.

ಇಂಥಲ್ಲಿ ನೀವು ಹೇಳಬೇಕಾದದ್ದು ತುಸು ಇದೆ, ಅದು ನಿಮ್ಮ ಕೈಯಳತೆಯಲ್ಲೇ ಇದೆ. ಬಿಗಿದು ಕಟ್ಟಬಾರದು, ಎದೆಗೆ ಆಸರೆಯಾಗುವಂಥ ಕುಬಸ ಸಾಕು. ತಣ್ಣೀರಲ್ಲಿ ಹಿಂಡಿದ ಬಟ್ಟೆ ಇಟ್ಟರೆ ನೋವು ತಗ್ಗುತ್ತದೆ. ತಡೆಯಲಾಗದಷ್ಟು ಬಿಗಿದಾಗ ಹಗುರಾಗುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಬೇಕು. ಪೂರ್ತಿ ತೆಗೆದರೆ ಹಾಲು ಮತ್ತೆ ಮತ್ತೆ ತುಂಬುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಕೆಂಪಾಗಿ, ಗಂಟಾಗಿ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ. ಹಾಲು ನಿಲ್ಲಿಸುವ ಗುಳಿಗೆಯೂ ಇದೆ, ಡಾಕ್ಟರೇ ಬರೆದುಕೊಡಬೇಕು, ಬಿಪಿ ಇದ್ದವಳಾದರೆ ಅದನ್ನು ಅವರಿಗೆ ಹೇಳಲೇಬೇಕು. ಇಷ್ಟನ್ನು ದವಾಖಾನೆಯಿಂದ ಬಿಡುವ ದಿನವೇ ಅವಳ ಕಿವಿಗೆ ಹಾಕಿ ಕಳಿಸಿದರೆ ಸ್ವೆಟರ್ ಬೇಕಾಗುವುದಿಲ್ಲ.

ನಮೂನೆಯ ಮಾತಿಗೆ ಬರುತ್ತೇನೆ. ಮರಣ ಪರಿಶೀಲನೆ ಬೇಕು. ಮುಂದಿನ ಕೂಸು ಉಳಿಯಬೇಕಾದರೆ ಹಿಂದಿನದು ಯಾಕೆ ಹೋಯಿತೆಂದು ತಿಳಿಯಲೇಬೇಕು. ಆದರೆ ಮೊದಲ ಸಲ ಆ ಮನೆಗೆ ಕಾಗದ ಹಿಡಿದು ಹೋಗಬೇಡಿ. ಬರಿಗೈಯಲ್ಲಿ ಮಾತಾಡಿಸಲು ಹೋಗಿ, ಎಲ್ಲರೂ ಹೋಗುವಂತೆ. ಆ ದಿನ ಅವರ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ. ಕೈಯಲ್ಲಿ ನಾಲ್ಕು ರೊಟ್ಟಿಯ ಬುತ್ತಿ ಇದ್ದರೆ ಇನ್ನೂ ಒಳ್ಳೆಯದು. ಕಾಗದ ಎರಡನೇ ಸಲಕ್ಕೆ. ಆಗಲೂ ಕೇಳುವ ಧಾಟಿ ನೋಡಿಕೊಳ್ಳಿ. ‘ಯಾಕ ತಡಾ ಮಾಡಿದ್ರಿ?’ ಅಂದರೆ ಆ ಪ್ರಶ್ನೆ ಅವಳ ಎದೆಯಲ್ಲಿ ವರ್ಷಗಟ್ಟಲೆ ನಿಂತುಬಿಡುತ್ತದೆ. ‘ಅವತ್ತ ರಾತ್ರಿ ಏನೇನಾತು, ಹೇಳವ್ವಾ’ ಅಂದರೆ ನಮೂನೆಗೆ ಬೇಕಾದದ್ದೆಲ್ಲ ಅವಳ ಬಾಯಿಂದಲೇ ಬರುತ್ತದೆ, ಗಾಡಿ ಎಷ್ಟು ಹೊತ್ತಿಗೆ ಬಂತು, ತಾಲ್ಲೂಕು ಆಸ್ಪತ್ರೆಯವರು ವಿಜಯಪುರಕ್ಕೆ ಬರೆದುಕೊಟ್ಟದ್ದು ಯಾವಾಗ, ಎಲ್ಲ. ಮುದ್ದೇಬಿಹಾಳದಿಂದ ಜಿಲ್ಲಾ ಆಸ್ಪತ್ರೆಗೆ ಸುಮಾರು 80 ಕಿಲೋಮೀಟರ್. ಆ ದಾರಿಯನ್ನು ಉಸಿರು ಸೋಲುತ್ತಿರುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸವೆಸಿದವಳಿಗೆ ತಡ ಎಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಣ್ಣ ಕೆಲಸ. ಕೂಸಿನ ಮರಣ ಇಲಾಖೆಯ ಪೋರ್ಟಲ್‌ನಲ್ಲಿ ಬೇಗ ನಮೂದಾಗುವಂತೆ ನೋಡಿಕೊಳ್ಳಿ. ಇಲ್ಲವಾದರೆ ಆರನೇ ವಾರ ಅಂಗನವಾಡಿಯ ಲಸಿಕೆ ಪಟ್ಟಿಯಲ್ಲಿ ಆ ಹೆಸರು ಬರುತ್ತದೆ, ಯಾರೋ ಹೊಸಬರು ಬಾಗಿಲಿಗೆ ಬಂದು ‘ಕೂಸಿನ ಕರಕೊಂಡ ಬಾರವ್ವಾ’ ಅನ್ನುತ್ತಾರೆ.

ನಮ್ಮ ಕಡೆಯ ರೂಢಿಯಿಂದ ಹುಟ್ಟುವ ಒಂದು ಪೇಚು ಇದೆ. ಇದನ್ನು ಯಾವ ಮಾರ್ಗಸೂಚಿಯೂ ಕಾಣುವುದಿಲ್ಲ, ನಿಮಗೆ ಮಾತ್ರ ಕಾಣುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಸವನ ಬಾಗೇವಾಡಿ ತಾಲ್ಲೂಕಿನ ಸೊಸೆ ಹೆರಲು ಇಂಡಿ ತಾಲ್ಲೂಕಿನ ತವರಿಗೆ ಬರುತ್ತಾಳೆ. ಕೂಸು ಅಲ್ಲೇ ಹುಟ್ಟಿ, ಅಲ್ಲೇ ಹೋಗಿ, ಅಲ್ಲೇ ಮಣ್ಣಾಗುತ್ತದೆ. ತೊಟ್ಟಿಲು, ಕುಂಚಿಗೆ, ಕುಲಾಯಿ ಹೊಲಿಸಿ ಮೂರು ತಿಂಗಳಿಗೆ ಮೆರವಣಿಗೆಯಂತೆ ಹೋಗಬೇಕಿದ್ದವಳು ಒಂದು ತಿಂಗಳಿಗೆ ಸುಮ್ಮನೆ ಬಸ್ಸಿಳಿದು ಗಂಡನ ಮನೆ ಸೇರುತ್ತಾಳೆ. ಆ ಊರಲ್ಲಿ ಆ ಕೂಸಿನ ಮುಖ ಕಂಡವರೇ ಇಲ್ಲ. ಅದು ಅಪ್ಪನ ಮೂಗು ಹೊತ್ತಿತ್ತೋ ಅಜ್ಜಿಯ ಬಣ್ಣ ಹೊತ್ತಿತ್ತೋ ಎಂದು ಮಾತಾಡಲು ಅವಳಿಗೆ ಒಂದು ಜೀವ ಸಿಗುವುದಿಲ್ಲ. ಅಲ್ಲಿಯ ಆಶಾಗೆ ಅವಳು ಹಡೆದದ್ದೂ ಗೊತ್ತಿಲ್ಲ, ಕಳೆದುಕೊಂಡದ್ದೂ ಗೊತ್ತಿಲ್ಲ. ತವರಿನ ಆಶಾ ಅಕ್ಕಾ, ಅವಳು ಊರು ಬಿಡುವ ಮುಂಚೆ ಗಂಡನ ಊರಿನ ಆಶಾಗೆ ಒಂದು ಫೋನ್ ಮಾಡಿ. ಎರಡು ನಿಮಿಷದ ಮಾತು. ಗೋವಾಕ್ಕೆ, ಪುಣೆಗೆ ದುಡಿಯಲು ಹೋದ ಜೋಡಿ ಅಲ್ಲೇ ಕೂಸನ್ನು ಕಳೆದುಕೊಂಡು ಕಾರಹುಣ್ಣಿಮೆಗೆ ಊರಿಗೆ ಬಂದಾಗಲೂ ಇದೇ ಪಾಡು. ತಾಂಡಾದ ಆಶಾಗಳಿಗೆ ಇದು ಚೆನ್ನಾಗಿ ಗೊತ್ತಿರಬೇಕು.

ಏನು ಮಾತಾಡಬೇಕು ಅಂತ ಕೇಳುತ್ತೀರಿ. ಮಾತು ಕಡಿಮೆ ಆದಷ್ಟೂ ಒಳ್ಳೆಯದು. ‘ಇನ್ನೊಂದು ಆಗ್ತದ ಬಿಡವ್ವಾ’ ಅನ್ನಬೇಡಿ, ಅವಳು ಅಳುತ್ತಿರುವುದು ಇದಕ್ಕೆ. (ಇನ್ನೊಂದರ ಮಾತು ಮನೆಯವರೇ ಎತ್ತಿದರೆ, ಕೂಸು ಜೀವಂತ ಹುಟ್ಟಿದ ಹೆರಿಗೆಯ ಬಳಿಕ ಮತ್ತೆ ಗರ್ಭಕ್ಕೆ ಎರಡು ವರ್ಷ, ಗರ್ಭ ಹೋಗಿದ್ದರೆ ಕನಿಷ್ಠ ಆರು ತಿಂಗಳು ಅಂತರ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಎನ್ನಿ.) ‘ಅಷ್ಟ ಋಣ ಇತ್ತು’ ಎಂಬ ಮಾತನ್ನು ಅವಳೇ ಆಡಿದರೆ ಆಡಲಿ, ನಾವು ಆಡಬಾರದು. ‘ಗ್ರಹಣದಾಗ ಹೊರಗ ಬಂದಿದ್ದಳು’, ‘ಕಾಲಗುಣ’ ಎಂದು ಯಾರಾದರೂ ಶುರು ಮಾಡಿದರೆ ಅಲ್ಲೇ ತಡೆಯಿರಿ, ಅಲ್ಲಿ ನಿಮ್ಮ ಗುಲಾಬಿ ಸೀರೆಗೆ ಒಂದು ತೂಕ ಇದೆ. ಕೂಸಿಗೆ ಹೆಸರಿಟ್ಟಿದ್ದರೆ ಆ ಹೆಸರು ಹಿಡಿದು ಮಾತಾಡಿ. ದವಾಖಾನೆಯಲ್ಲೇ ತೀರಿದ್ದರೆ ಮುಖ ನೋಡುತ್ತೀಯಾ ಅಂತ ತಾಯಿಯನ್ನೇ ಕೇಳಬೇಕು. ಅವಳಿಗೆ ಎಚ್ಚರಾಗುವುದರೊಳಗೆ ಗಂಡಸರು ಹೊತ್ತೊಯ್ದು ಮುಗಿಸಿಬಿಡುವುದು ನಮ್ಮಲ್ಲಿ ದೊಡ್ಡ ಉಪಕಾರ ಎನಿಸಿಕೊಂಡಿದೆ. ನೋಡುವುದೋ ಬಿಡುವುದೋ ಅವಳ ಇಷ್ಟ, ಆದರೆ ಕೇಳುವುದು ನಮ್ಮ ಕರ್ತವ್ಯ.

ಸಾಸಿವೆಯ ಕಥೆಯನ್ನಂತೂ ದಯವಿಟ್ಟು ಹೇಳಬೇಡಿ. ಊರಿಗೊಬ್ಬರು ಪುರಾಣ ಕೇಳಿದ ಹಿರಿಯರು ಇರುತ್ತಾರೆ, ಮೂರನೇ ದಿನಕ್ಕೆ ಬಂದು ಕಿಸಾಗೋತಮಿಯ ಕಥೆ ಹೇಳಿ, ಸಾವಿಲ್ಲದ ಮನೆಯೇ ಇಲ್ಲವಲ್ಲ ತಂಗಿ, ಎಂದು ಚಹಾ ಕುಡಿದು ಹೋಗುತ್ತಾರೆ. ಆ ಕಥೆಯಲ್ಲಿ ಬುದ್ಧ ಅವಳಿಗೆ ಉಪದೇಶ ಮಾಡಿದ್ದು ಆಮೇಲೆ. ಮೊದಲು, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು, ಕೂಸು ಕಳೆದುಕೊಂಡ ಅವಳನ್ನು ಮನೆ ಮನೆಗೆ ಕಳಿಸಿದ. ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು ತನ್ನ ಮನೆಯ ಸಾವನ್ನು ಅವಳಿಗೆ ಹೇಳಿದಳು. ಅವಳ ಎದೆ ಹಗುರಾದದ್ದು ಆ ಓಣಿಗಳಲ್ಲಿ ಅಂತ ನನ್ನ ನಂಬಿಕೆ. ಹಿರಿಯರು ಹೇಳುವಾಗ ಓಣಿಯನ್ನು ಬಿಟ್ಟು ಉಪದೇಶ ಮಾತ್ರ ಉಳಿಸಿಕೊಂಡಿದ್ದಾರೆ.

ಆದ್ದರಿಂದ ಆ ಮನೆಗೆ ನೀವೊಬ್ಬರೇ ಹೋಗಬೇಡಿ. ನಿಮ್ಮ ಊರಲ್ಲೇ ಹತ್ತು ವರ್ಷದ ಹಿಂದೆ, ಇಪ್ಪತ್ತು ವರ್ಷದ ಹಿಂದೆ ಕೂಸು ಕಳೆದುಕೊಂಡ ಒಬ್ಬ ಹೆಂಗಸು ಇದ್ದಾಳೆ. ಯಾರು ಅಂತ ನಿಮಗೆ ಗೊತ್ತು. ಅವಳನ್ನು ಕೇಳಿ, ಒಪ್ಪಿದರೆ ಕರೆದುಕೊಂಡು ಹೋಗಿ. ಪಕ್ಕದಲ್ಲಿ ಕೂರಿಸಿ ನೀವು ಹೊರಗೆ ಬನ್ನಿ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1968ರಲ್ಲಿ ಒಂದೇ ಆಸ್ಪತ್ರೆಯಲ್ಲಿ ಇಬ್ಬರು ಹುಡುಗರು ತೀರಿಕೊಂಡಾಗ ಅಲ್ಲಿಯ ಕಿರಿಯ ಪಾದ್ರಿ ಸೈಮನ್ ಸ್ಟೀಫನ್ಸ್ ಮಾಡಿದ್ದು ಇಷ್ಟೇ. ಎರಡೂ ಕುಟುಂಬವನ್ನು ಒಂದೆಡೆ ಕೂಡಿಸಿದರು. ತಾವು ಹೇಳಬಹುದಾದ ಯಾವ ಸಾಂತ್ವನಕ್ಕಿಂತಲೂ ಆ ಹೆತ್ತವರು ಒಬ್ಬರಿಗೊಬ್ಬರು ಹೆಚ್ಚು ಒದಗಿದ್ದನ್ನು ಅವರು ಕಂಡರು. ಅದರಿಂದಲೇ 1969ರಲ್ಲಿ ‘ಕಂಪ್ಯಾಷನೇಟ್ ಫ್ರೆಂಡ್ಸ್’ ಎಂಬ ಸಂಘ ಹುಟ್ಟಿ ಈಗ ಹಲವು ದೇಶಗಳಿಗೆ ಹಬ್ಬಿದೆ. ನಮ್ಮಲ್ಲಿ ಸಂಘ ಕಟ್ಟುವುದು ಬೇಡ, ಸಂಘಗಳಿಗೆ ಬರವಿಲ್ಲ. ಇಬ್ಬರು ಹೆಂಗಸರನ್ನು ಒಂದು ಪಡಸಾಲೆಯಲ್ಲಿ ಕೂಡಿಸಿದರೆ ಸಾಕು. ಹಿಂದೆ ಬೀಸುಕಲ್ಲಿನ ಮುಂದೆ ಇದು ತಾನಾಗಿ ಆಗುತ್ತಿತ್ತು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ತುಂಬ ಇರುವುದು ಈ ಭೀಮಾತೀರದ ಹೆಂಗಸರು ಬೀಸುತ್ತ ಕುಟ್ಟುತ್ತ ಆಡಿಕೊಂಡ ಸುಖ-ದುಃಖ. ಗಿರಣಿ ಬಂದದ್ದಕ್ಕೆ ನನಗೇನೂ ಬೇಸರವಿಲ್ಲ, ಬೀಸಿ ಬೀಸಿ ನನ್ನ ಅವ್ವನ ರಟ್ಟೆ ಬಿದ್ದುಹೋಗಿದ್ದವು. ಆದರೆ ಹಾಡಿನ ನೆವದಲ್ಲಿ ಅಳುವ ಒಂದು ಜಾಗ ಹೋಯಿತು.

ಗಂಡಸರ ಮಾತು ಬೇರೆ. ತಂದೆ ಕಟ್ಟೆಯ ಮೇಲೆ ಕೂತಿರುತ್ತಾನೆ, ಇಲ್ಲವೇ ಹೊಲದಲ್ಲಿ ಇರುತ್ತಾನೆ, ಇಲ್ಲವೇ ಕುಡಿದಿರುತ್ತಾನೆ. ಹೆಂಡತಿಯ ಎದುರು ಬಂದು ನಿಲ್ಲುವುದಿಲ್ಲ. ‘ಅವಗೇನೂ ಅನಿಸಿಲ್ಲ’ ಎಂದು ಅವಳು ತಿಳಿಯುತ್ತಾಳೆ. ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡ ಕವಿ ಬೇಂದ್ರೆ ಒಂದು ಪದ್ಯ ಬರೆದಿದ್ದಾರೆ; ಹಾಡುವವರು ಅದನ್ನು ಎಷ್ಟೋ ಸಲ ಪ್ರೇಮಗೀತೆಯಂತೆ ಹಾಡಿಬಿಡುತ್ತಾರೆ. ಅದು ಕೂಸು ಕಳೆದುಕೊಂಡ ಮನೆಯಲ್ಲಿ ಗಂಡ ಹೆಂಡತಿಯ ನೋಟವನ್ನು ತಾಳಲಾರದೆ ಆಡುವ ಮಾತು. ನಮ್ಮ ಹಳ್ಳಿಯ ಗಂಡಸು ಹೆಂಡತಿಯ ಮುಂದೆ ನಿಲ್ಲದೆ ಇರುವುದೂ ಅದೇ ಕಾರಣಕ್ಕೆ ಅಂತ ನೀವು ಅವಳಿಗೆ ಒಂದು ಮಾತು ಹೇಳಬಹುದು. ಅವನ ಜೊತೆ ನೀವು ಮಾತಾಡುವುದು ಕಷ್ಟ, ಊರು ಹಾಗಿದೆ. ನಿಮ್ಮ ಮನೆಯವರನ್ನು ಕಳಿಸಿ, ಇಲ್ಲವೇ ಅವನ ಜೊತೆ ಓದಿದ ಗೆಳೆಯನಿಗೆ ಹೇಳಿ, ಮದ್ಯದಂಗಡಿ ಬಿಟ್ಟು ಬೇರೆಲ್ಲಾದರೂ ಕರೆದೊಯ್ದು ಕೂಡಲಿ.

ನಿದ್ದೆ ಗುಳಿಗೆಯ ಬಗ್ಗೆ ಎಚ್ಚರ. ‘ರಾತ್ರಿ ಎಲ್ಲಾ ಅಳ್ತಾಳ’ ಎಂದು ಮನೆಯವರು ಊರ ಡಾಕ್ಟರ ಬಳಿಯಿಂದ ಒಂದು ಪಟ್ಟಿ ಗುಳಿಗೆ ತಂದು ನುಂಗಿಸುತ್ತಾರೆ. ಬೇರೆ ಮಾನಸಿಕ ಕಾಯಿಲೆ ಇಲ್ಲದ, ಬರೀ ಸಾವಿನ ದುಃಖದಲ್ಲಿ ಇರುವವರಿಗೆ ಇಂಥ ಗುಳಿಗೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಅಳುವುದು ರೋಗವಲ್ಲ. ಆದರೆ ಅವಳು ಊಟ-ನೀರು ಬಿಟ್ಟರೆ, ‘ನಾನೂ ಅದರ ಕೂಡನ ಹೋಗ್ತೀನಿ’ ಅಂದರೆ, ಇಲ್ಲದ ದನಿ ಕೇಳುತ್ತದೆ ಅಂದರೆ, ಆರು ತಿಂಗಳ ಮೇಲೂ ದಿನ ನಡೆಸಲಾರದಂತೆ ಕುಸಿದೇ ಇದ್ದರೆ, ಅದು ನಿಮ್ಮ ನನ್ನ ಕೈ ಮೀರಿದ್ದು. ಸಾಯುವ ಮಾತಾಡಿದವಳನ್ನು ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಬೇಡ. ಅವಳನ್ನು ಒಂಟಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಯನ್ನು ಮನೆಯಿಂದ ಸಾಗಿಸಿ. 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಎಂದು ಮನೋವೈದ್ಯರು ನೋಡುವ ಏರ್ಪಾಡು ಇದೆ. ಯಾವ ಮಂಗಳವಾರ ಬರುತ್ತಾರೆ ಎಂದು ಮೊದಲೇ ಕೇಳಿಕೊಂಡು, ಬಸ್ಸಿನಲ್ಲಿ ಅವಳ ಜೊತೆ ಯಾರಾದರೂ ಹೋಗುವಂತೆ ನೋಡಿ.

ದೊಡ್ಡ ಮಕ್ಕಳು ಹೋದ ಮನೆಗಳೂ ಇವೆ. ಕಾಲುವೆ, ಕೃಷಿಹೊಂಡ, ಹಾವು. ಅಂಥ ಸಾವಿಗೆ ಊರು ಕೂಡುತ್ತದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಕೂಸಿಗಾಗಿ ಇಡೀ ನಾಡು ಟಿವಿ ಮುಂದೆ ಕೂತಿತ್ತು. ಇಪ್ಪತ್ತು ತಾಸಿನ ಬಳಿಕ ಕೂಸು ಜೀವಂತ ಬಂತು. ಹತ್ತು ವರ್ಷ ಮುಂಚೆ, 2014ರ ಜೂನ್‌ನಲ್ಲಿ, ವಿಜಯಪುರದ ಹತ್ತಿರದ ನಾಗಠಾಣದಲ್ಲಿ ಬಿದ್ದ ನಾಲ್ಕು ವರ್ಷದ ಹುಡುಗಿ ಬರಲಿಲ್ಲ. ಊರಿಗೆ ಅಳಲು ಬರುತ್ತದೆ. ಪ್ರತಿ ಮೊಹರಂಗೆ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಸೇರಿ ರಿವಾಯತ್ ಪದ ಹಾಡಿ, ಕರ್ಬಲಾದಲ್ಲಿ ನೀರಿಲ್ಲದೆ ಬಾಣಕ್ಕೆ ಬಿದ್ದ ಆರು ತಿಂಗಳ ಕೂಸಿಗಾಗಿ ಈಗಲೂ ಅಳುತ್ತಾರೆ. ಆದರೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಹೋದ ಕೂಸಿಗೆ ಕ್ಯಾಮೆರಾ ಇಲ್ಲ, ಪದ ಇಲ್ಲ, ದೊಡ್ಡವರಿಗೆ ಮಾಡುವ ಕ್ರಿಯೆಗಳೂ ಬಹಳ ಮನೆಗಳಲ್ಲಿ ಇಲ್ಲ. ಅದಕ್ಕೇ ನಾನು ಈ ಪತ್ರದಲ್ಲಿ ಹೆಚ್ಚು ಮಾತು ಇಂಥ ಕೂಸುಗಳಿಗೆ ಕೊಟ್ಟಿದ್ದೇನೆ.

ಉಳಿದ ಮಕ್ಕಳಿಗೆ ‘ತಮ್ಮ ಊರಿಗೆ ಹೋಗ್ಯಾನ’ ಎಂದು ಹೇಳಿಸಬೇಡಿ. ಊರಿಗೆ ಹೋದ ತಮ್ಮ ಬರುತ್ತಾನೆಂದು ಮಗು ಬಸ್‌ಸ್ಟ್ಯಾಂಡಿಗೆ ಹೋಗಿ ಕಾಯುತ್ತದೆ. ಸತ್ತುಹೋದ, ಇನ್ನು ಬರುವುದಿಲ್ಲ, ಇದರಲ್ಲಿ ನಿನ್ನದೇನೂ ತಪ್ಪಿಲ್ಲ ಅಂತ ಬಿಡಿಸಿ ಹೇಳಬೇಕು.

ಕೊನೆಗೆ, ಹಣದ ಮಾತು. ಕೂಸು ಹೋದ ಮನೆಗೆ 42ನೇ ದಿನದವರೆಗೆ ಮಾಡಿದ ಭೇಟಿಗೂ ಪೂರ್ತಿ 250 ರೂಪಾಯಿ ಕೊಡಬೇಕು, ಆರನೇ ತಿಂಗಳಿಗೆ ಒಂದು, ವರ್ಷಕ್ಕೆ ಒಂದು ಭೇಟಿ ಅದಕ್ಕೆ ಸೇರಬೇಕು. ಮುಂದಿನ ತಿಂಗಳ ಪಿಎಚ್‌ಸಿ ಸಭೆಯಲ್ಲಿ ವೈದ್ಯಾಧಿಕಾರಿಗಳ ಮುಂದೆ ಇದನ್ನು ಎತ್ತಿ, ನಡಾವಳಿಯಲ್ಲಿ ಬರೆಸಿ. ನಾಲ್ಕೂ ತಾಲ್ಲೂಕಿನಿಂದ ಒಂದೇ ಮಾತು ಬಂದರೆ ಜಿಲ್ಲೆಯವರು ಕೇಳಲೇಬೇಕಾಗುತ್ತದೆ. ಮನವಿ ಬರೆದುಕೊಡಲು ಕೈ ಬೇಕಾದರೆ ನನ್ನನ್ನು ಕರೆಯಿರಿ, ಸರಕಾರಿ ಕನ್ನಡ ನನಗೆ ಇನ್ನೂ ಮರೆತಿಲ್ಲ.

ಇತಿ,
ನಿಮ್ಮ ಜೊತೆ ಓಣಿ ತಿರುಗಿದ ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ